ಕಥೆ ಆಮೇಲೆ, ಮೊದಲು ಏನು ಕಂಡಿತು ಹೇಳಿ

(ಪ್ರೌಢಶಾಲಾ ಶಿಕ್ಷಕರ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಮುಗಿದ ಹೊತ್ತು, ಸಾಲದ್ದಕ್ಕೆ ಕಿಟಕಿ ಮುಚ್ಚಿದ ಕೋಣೆ. ಯಾರಾದರೂ ತೂಕಡಿಸಿದರೆ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಪಕ್ಕದವರು ಎಬ್ಬಿಸಿದರೆ ಸಾಕು.

ನಮ್ಮ ಹೈಸ್ಕೂಲುಗಳಲ್ಲಿ ಸಿನಿಮಾ ಯಾವಾಗ ತೋರಿಸುತ್ತೇವೆ? ಪರೀಕ್ಷೆ ಮುಗಿದು ರಜೆ ಶುರುವಾಗುವ ಮೊದಲು. ಇಲ್ಲವೇ ಇಬ್ಬರು ಮೇಷ್ಟ್ರು ಒಟ್ಟಿಗೆ ರಜೆ ಹಾಕಿದ ದಿನ. ಸ್ಮಾರ್ಟ್ ಕ್ಲಾಸ್ ರೂಮಿನಲ್ಲಿ ಎರಡು ಸೆಕ್ಷನ್ ಮಕ್ಕಳನ್ನು ಒತ್ತಿ ಕೂರಿಸಿ ಒಂದು ಸಿನಿಮಾ ಹಾಕುತ್ತೇವೆ. ಮುಗಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇವೆ: "ಈ ಸಿನಿಮಾದಿಂದ ನೀವೇನು ಕಲಿತಿರಿ?" ಮಕ್ಕಳ ಹತ್ತಿರ ಉತ್ತರ ರೆಡಿ ಇರುತ್ತದೆ. ಹಿರಿಯರನ್ನು ಗೌರವಿಸಬೇಕು. ಪರಿಸರ ಉಳಿಸಬೇಕು. ಸುಳ್ಳು ಹೇಳಬಾರದು. ಈ ಉತ್ತರ ಬರೆಯಲು ಸಿನಿಮಾ ನೋಡಲೇಬೇಕು ಅಂತೇನೂ ಇಲ್ಲ, ಅಲ್ವಾ? ಗೋಡೆಯ ಮೇಲಿನ ನುಡಿಮುತ್ತು ನೋಡಿಯೂ ಬರೆಯಬಹುದು.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಸಿನಿಮಾ ಓದಲು ಕಲಿಸುವುದಾದರೆ ಮೊದಲ ಕೆಲವು ತಿಂಗಳು ಎರಡೇ ಪ್ರಶ್ನೆ ಕೇಳಿ: ಏನು ಕಂಡಿತು? ಏನು ಕೇಳಿಸಿತು? ಅರ್ಥ, ಸಂದೇಶ, ನೀತಿ ಇವನ್ನೆಲ್ಲ ಕಪಾಟಿನಲ್ಲಿ ಇಟ್ಟು ಬೀಗ ಹಾಕಿ.

ಉದಾಹರಣೆಗೆ ಸಿನಿಮಾ ಶುರುವಾದ ದಿನಗಳಲ್ಲೇ ಚಿತ್ರ ತೆಗೆದ ಲೂಮಿಯೇರ್ ಸಹೋದರರ ಒಂದು ತುಣುಕನ್ನು ತೆಗೆದುಕೊಳ್ಳೋಣ. 1895, ಫ್ರಾನ್ಸಿನ ಲಿಯೋನ್ ಊರು. ಅವರದ್ದೇ ಕಾರ್ಖಾನೆ. ಗೇಟು ತೆಗೆಯುತ್ತದೆ, ಕೆಲಸಗಾರರು ಹೊರಗೆ ಬರುತ್ತಾರೆ. ಇಡೀ ಸಿನಿಮಾ ಒಂದು ನಿಮಿಷಕ್ಕಿಂತ ಕಡಿಮೆ. ಮರು ವರ್ಷ, 1896ರ ಜುಲೈ 7ರಂದು, ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಚಿತ್ರಗಳು ಮೊದಲ ಸಲ ನಮ್ಮ ದೇಶದವರಿಗೆ ಕಂಡವು.

ನಾನು ಈ ಕಾರ್ಖಾನೆಯ ತುಣುಕನ್ನು ಒಂಬತ್ತನೇ ಕ್ಲಾಸಿಗೆ ಏನೂ ಪೀಠಿಕೆ ಇಲ್ಲದೆ ಹಾಕುತ್ತೇನೆ. ಏನು ಕಂಡಿತು ಅಂದರೆ "ಜನ ಬಂದ್ರು ಸರ್" ಅನ್ನುತ್ತಾರೆ. ಅಷ್ಟೇ. ಮುಗಿಯಿತು. ಎರಡನೇ ಸಲ ಹಾಕುವಾಗ ಕ್ಲಾಸನ್ನು ಎರಡು ಭಾಗ ಮಾಡುತ್ತೇನೆ. ಇವರು ಪರದೆಯ ಎಡಗಡೆ ಮಾತ್ರ ನೋಡಬೇಕು, ಅವರು ಬಲಗಡೆ ಮಾತ್ರ. ಈಗ ನೋಡಿ ಗಲಾಟೆ. ನಾಯಿ ಇತ್ತು. ಸೈಕಲ್ ಇತ್ತು. ದೊಡ್ಡ ಗೇಟಿನ ಪಕ್ಕ ಒಂದು ಸಣ್ಣ ಬಾಗಿಲಿತ್ತು, ಅಲ್ಲಿಂದಲೂ ಬಂದರು. ಹೆಂಗಸರೇ ಜಾಸ್ತಿ. ಎಲ್ಲರ ತಲೆ ಮೇಲೂ ಟೋಪಿ. ಗಾಡಿ ಬಂತು, ಅದಕ್ಕೆ ಕುದುರೆ ಕಟ್ಟಿತ್ತು.

ಕುದುರೆ ಎಷ್ಟು? ಇಲ್ಲಿ ಮಜಾ ಇದೆ. ಈ ಚಿತ್ರದ ಮೂರು ಆವೃತ್ತಿಗಳು ಉಳಿದಿವೆ. ಒಂದರಲ್ಲಿ ಗಾಡಿಗೆ ಒಂದು ಕುದುರೆ. ಇನ್ನೊಂದರಲ್ಲಿ ಎರಡು. ಮತ್ತೊಂದರಲ್ಲಿ ಕುದುರೆಯೇ ಇಲ್ಲ. ನಾನು ಏನೂ ಹೇಳದೆ ಮೂರನ್ನೂ ಒಂದರ ಹಿಂದೆ ಒಂದು ಹಾಕುತ್ತೇನೆ. ಮೊದಲು ಗುಸುಗುಸು. "ಕುದುರೆ ಎಲ್ಲಿ ಹೋಯ್ತು?" ಆಮೇಲೆ ಬಟ್ಟೆ ಬೇರೆ, ನೆರಳು ಬಿದ್ದ ಜಾಗ ಬೇರೆ ಅಂತ ಒಬ್ಬೊಬ್ಬರೇ ಹಿಡಿಯುತ್ತಾರೆ. ಕೊನೆಗೆ ಹಿಂದಿನ ಬೆಂಚಿನಿಂದ ಯಾರೋ ಕೂಗುತ್ತಾರೆ: "ಸರ್, ಮತ್ತೆ ಮತ್ತೆ ಮಾಡ್ಸಿದಾರೆ!" ಹೌದು. ಮತ್ತೆ ಮಾಡಿಸಿದ್ದಾರೆ. ಇದ್ದದ್ದನ್ನು ಇದ್ದ ಹಾಗೆ ಹಿಡಿದದ್ದು ಅಂತ ನಾವು ನಂಬಿಕೊಂಡಿರುವ ಸಿನಿಮಾದಲ್ಲೇ ಯಾರೋ ನಿಂತು "ಇನ್ನೊಂದ್ಸಲ ಬನ್ನಿ" ಅಂದಿದ್ದಾರೆ. ಗೇಟಿನಿಂದ ಬಂದವರು ಯಾಕೆ ಎದುರಿಗಿರುವ ಕ್ಯಾಮೆರಾದತ್ತ ಬರದೆ ಎಡಕ್ಕೋ ಬಲಕ್ಕೋ ತಿರುಗುತ್ತಾರೆ ಅಂತಲೂ ಆಗ ಕೇಳಬಹುದು. ಡಾಕ್ಯುಮೆಂಟರಿ ಎಂದರೇನು ಅಂತ ಬೋರ್ಡಿನ ಮೇಲೆ ವ್ಯಾಖ್ಯಾನ ಬರೆಸಿದ್ದರೆ ಇದು ಬರುತ್ತಿತ್ತಾ?

ಈ ಮಕ್ಕಳಿಗೆ ಸಿನಿಮಾ ಗೊತ್ತಿಲ್ಲ ಅಂದುಕೊಳ್ಳಬೇಡಿ. ನಮಗಿಂತ ಜಾಸ್ತಿ ಗೊತ್ತು. ಹದಿನಾಲ್ಕು ವರ್ಷದ ಹುಡುಗ ದಿನಕ್ಕೆ ಎಷ್ಟು ರೀಲ್ಸ್ ನೋಡುತ್ತಾನೆ ಅಂತ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಗೊತ್ತಿರುವುದನ್ನು ಹೇಳಲು ಅವನ ಹತ್ತಿರ ಮಾತು ಇಲ್ಲ, ವ್ಯವಧಾನವೂ ಇಲ್ಲ. ಅದಕ್ಕೇ ನಾನು ಎರಡನೇ ವಾರ ಹೀರೋ ಎಂಟ್ರಿ ಹಾಕುತ್ತೇನೆ.

ಕೆಲವರು ಮುಖ ಗಂಟು ಹಾಕಿದ್ದು ಕಾಣುತ್ತಿದೆ. ಶಾಲೆಯಲ್ಲಿ ಮಾಸ್ ಸಿನಿಮಾನಾ ಅಂತ. ತಾಳಿ. ಯಾವ ಹೀರೋ ಅಂತ ಮಕ್ಕಳೇ ಆರಿಸಲಿ. ಅಭಿಮಾನಿಗಳ ಜಗಳ ಆಗುತ್ತದೆ, ಆಗಲಿ. ಇಬ್ಬರು ಹೀರೋಗಳ ಎಂಟ್ರಿ ಹಾಕಿ, ಸಮ ಆಗುತ್ತದೆ. ಮೊದಲ ಸಲ ಶಿಳ್ಳೆ ಹೊಡೆಯಲು ಬಿಡಿ. ಎರಡನೇ ಸಲ ಒಂದು ಕೆಲಸ ಕೊಡಿ: ಹೀರೋನ ಮೈಯ ಯಾವ ಭಾಗ ಯಾವ ಕ್ರಮದಲ್ಲಿ ಕಾಣುತ್ತದೆ, ಬರೆದುಕೊಳ್ಳಿ. ಮೊದಲು ಶೂ. ಆಮೇಲೆ ಕೈ, ಕೈಯಲ್ಲಿ ಕಡಗ. ಬೆನ್ನು. ಮತ್ತೆ ಶೂ. ಎದುರಿಗೆ ಬಿದ್ದ ರೌಡಿಗಳ ಮುಖ. ಗಾಳಿಗೆ ಹಾರುವ ಅಂಗಿ. ಇಷ್ಟೆಲ್ಲ ಆದ ಮೇಲೆ ಮುಖ. ಮುಖ ಬರುವುದಕ್ಕೆ ಎಷ್ಟು ಶಾಟ್ (ಕ್ಯಾಮೆರಾ ನಡುವೆ ತುಂಡಾಗದೆ ತೋರಿಸುವ ಒಂದು ಚೂರು) ಆಯಿತು ಅಂತ ಬೆರಳು ಮಡಚಿ ಎಣಿಸಲು ಹೇಳಿ. ಕ್ಯಾಮೆರಾ ಎಲ್ಲಿದೆ ಅಂತ ಕೇಳಿ. ನೆಲದ ಮೇಲೆ. ಯಾಕೆ ನೆಲದ ಮೇಲೆ? ಒಬ್ಬ ಹುಡುಗ ನೆಲಕ್ಕೆ ಮಲಗಿ ನೋಡಲಿ, ಇನ್ನೊಬ್ಬ ಅವನ ಎದುರು ನಿಲ್ಲಲಿ. ಐದೂಕಾಲು ಅಡಿ ಎತ್ತರದ ನಮ್ಮ ಪಿಟಿ ಮೇಷ್ಟ್ರು ನೆಲದಿಂದ ನೋಡಿದರೆ ಹೇಗೆ ಕಾಣುತ್ತಾರೆ ಅಂತ ನಮ್ಮ ಕ್ಲಾಸು ಪರೀಕ್ಷೆ ಮಾಡಿದೆ. ಅವರಿಗೇ ತುಂಬಾ ಖುಷಿಯಾಯಿತು.

ಮೂರನೇ ಸಲ ಸೌಂಡ್ ಪೂರ್ತಿ ತೆಗೆದು ಹಾಕಿ. ಬಿಜಿಎಂ ಇಲ್ಲ, ಅಂಗಿಯ ಪಟಪಟ ಇಲ್ಲ. ಅದೇ ಹೀರೋ ಅದೇ ರೀತಿ ನಡೆದು ಬರುತ್ತಾನೆ, ಕ್ಲಾಸು ನಗುತ್ತದೆ. ಯಾಕೆ ನಕ್ಕಿರಿ ಅಂತ ಕೇಳಿದರೆ ಅವರಿಗೇ ಆಶ್ಚರ್ಯ.

ಅಷ್ಟಾದ ಮೇಲೆ ಅದೇ ಸಿನಿಮಾದ ಹೀರೋಯಿನ್ ಮೊದಲ ಸಲ ಬರುವ ಜಾಗ ಹಾಕಿ. ಪ್ರಶ್ನೆ ಅದೇ. ಏನು ಯಾವ ಕ್ರಮದಲ್ಲಿ ಕಂಡಿತು? ಈಗ ಹುಡುಗರು ಸುಮ್ಮನಾಗುತ್ತಾರೆ. ಹುಡುಗಿಯರು ಬರೆಯಲು ಶುರು ಮಾಡುತ್ತಾರೆ. ಈ ಪಾಠ ನಾನೊಬ್ಬನೇ ಮಾಡುವುದಿಲ್ಲ, ನಮ್ಮ ಸಮಾಜ ವಿಜ್ಞಾನದ ಮೇಡಂ ಜೊತೆಗಿರುತ್ತಾರೆ. ನೀವೂ ಹಾಗೇ ಮಾಡಿ. ತುಣುಕನ್ನು ಮೊದಲೇ ನೋಡಿ ಆರಿಸಿಕೊಳ್ಳಿ. ಹೆಚ್ಚು ಮಾತಾಡಬೇಡಿ. ಒಂದು ಹಾಳೆಯಲ್ಲಿ ಹೀರೋ ಪಟ್ಟಿ, ಪಕ್ಕದಲ್ಲಿ ಹೀರೋಯಿನ್ ಪಟ್ಟಿ ಇಟ್ಟರೆ ಸಾಕು. ಲಿಂಗ ಸಮಾನತೆ ಬಗ್ಗೆ ನಾವು ಮಾಡುವ ಭಾಷಣಕ್ಕಿಂತ ಆ ಎರಡು ಪಟ್ಟಿ ಜೋರಾಗಿರುತ್ತವೆ.

ಹೀಗೇ ಇನ್ನೊಂದು ಪಟ್ಟಿ ಮಾಡಿಸಬಹುದು. ಯಾವ ಪಾತ್ರ ಯಾವ ಕಡೆಯ ಕನ್ನಡ ಆಡುತ್ತದೆ? ಹೀರೋ ಬೆಂಗಳೂರು, ಮೈಸೂರಿನ ಕನ್ನಡ ಆಡಿದರೆ, ಅಡುಗೆಯವನೋ ಹೀರೋನ ಗೆಳೆಯನೋ ನಗಿಸುವುದಕ್ಕೆ ಮಂಗಳೂರು ಕಡೆಯದ್ದೋ ಉತ್ತರ ಕರ್ನಾಟಕದ್ದೋ ಆಡುವುದು ಎಷ್ಟು ಸಲ ಬಂದಿಲ್ಲ? ಇಲ್ಲಿ ಬೇರೆ ಬೇರೆ ಜಿಲ್ಲೆಯವರು ಕೂತಿದ್ದೀರಿ, ಉಳಿದದ್ದು ನಾನು ಹೇಳುವುದು ಬೇಡ.

ಈಗ ಸ್ವಲ್ಪ ಹೊತ್ತು ಒಂದೇ ಸಿನಿಮಾದ ಹತ್ತಿರ ನಿಲ್ಲುತ್ತೇನೆ. ಸತ್ಯಜಿತ್ ರೇ ಅವರ 'ಪಥೇರ್ ಪಾಂಚಾಲಿ', 1955. ಬಂಗಾಳಿ ಸಿನಿಮಾ, ಕಪ್ಪುಬಿಳುಪು, ನಿಧಾನ. ಮೂರೂ ನಮ್ಮ ಮಕ್ಕಳಿಗೆ ಆಗದ ಸಂಗತಿಗಳು ಅಂತ ನಾವೇ ತೀರ್ಮಾನ ಮಾಡಿಬಿಟ್ಟಿರುತ್ತೇವೆ. ನಾನು ಪೂರ್ತಿ ಸಿನಿಮಾ ಒಮ್ಮೆಲೇ ಹಾಕುವುದಿಲ್ಲ. ಮೊದಲು ರೈಲಿನ ದೃಶ್ಯ, ಅದೂ ಚಿತ್ರ ಇಲ್ಲದೆ. ಪ್ರೊಜೆಕ್ಟರ್ ಲೆನ್ಸಿಗೆ ರಟ್ಟು ಅಡ್ಡ ಇಟ್ಟು ಬರೀ ಶಬ್ದ ಕೇಳಿಸುತ್ತೇನೆ.

ಒಂದು ಗುಂಯ್ ಅನ್ನುವ ಶಬ್ದ ಬರುತ್ತದೆ. ಅದೇನು? ಜೇನುಹುಳ ಅಂತ ಒಬ್ಬಳು. ಟ್ರಾನ್ಸ್‌ಫಾರ್ಮರ್ ಅಂತ ಇನ್ನೊಬ್ಬ. ಟ್ರಾನ್ಸ್‌ಫಾರ್ಮರ್ ಅಂದವನು ಹತ್ತಿರ ಬಂದಿದ್ದಾನೆ. ಟೆಲಿಗ್ರಾಫ್ ಕಂಬದ ತಂತಿಯ ಸದ್ದು ಅದು. ರಟ್ಟು ತೆಗೆದಾಗ ದುರ್ಗಾ, ಅಪು, ಅಕ್ಕ ತಮ್ಮ, ಬಿಳಿ ಹೂ ಬಿಟ್ಟ ಎತ್ತರದ ಕಾಶ್ ಹುಲ್ಲಿನ ನಡುವೆ ಕಾಣುತ್ತಾರೆ. ಕಂಬಕ್ಕೆ ಕಿವಿ ಕೊಟ್ಟು ಕೇಳುತ್ತಾರೆ. ಕಬ್ಬು ತಿನ್ನುತ್ತಾರೆ. ಆಮೇಲೆ ರೈಲು. ರೈಲು ಕಣ್ಣಿಗೆ ಬೀಳುವ ಮೊದಲು ಎಷ್ಟೆಲ್ಲ ಕಿವಿಗೆ ಬಿದ್ದಿದೆ ಅನ್ನುವುದು ಮಕ್ಕಳಿಗೆ ಆಗ ಗೊತ್ತಾಗುತ್ತದೆ.

ಇದರ ಜೊತೆ ಒಂದು ಕಥೆ ಹೇಳಲೇಬೇಕು, ಮಕ್ಕಳಿಗೆ ಬಹಳ ಇಷ್ಟ. ರೇ ಈ ದೃಶ್ಯದ ಸ್ವಲ್ಪ ಭಾಗ ಚಿತ್ರೀಕರಿಸಿ, ಮುಂದಿನ ವಾರ ಹೋಗಿ ನೋಡಿದರೆ ಹೂವೇ ಇಲ್ಲ. ದನಗಳು ಮೇಯ್ದು ಮುಗಿಸಿದ್ದವು. ಮತ್ತೆ ಹೂ ಬಿಡುವವರೆಗೆ ಒಂದು ವರ್ಷ ಕಾಯಬೇಕಾಯಿತು. ಕ್ಯಾಮೆರಾ ಹಿಡಿದಿದ್ದ ಸುಬ್ರತ ಮಿತ್ರ ಅದಕ್ಕೆ ಮೊದಲು ಸಿನಿಮಾ ಕ್ಯಾಮೆರಾ ಮುಟ್ಟಿದವರೇ ಅಲ್ಲ. ವಯಸ್ಸು ಇಪ್ಪತ್ತರ ಆಸುಪಾಸು. ಇದನ್ನು ಕೇಳಿದ ಮೇಲೆ ಮಕ್ಕಳು ಪರದೆಯನ್ನು ನೋಡುವ ರೀತಿ ಬೇರೆ ಆಗುತ್ತದೆ. ಯಾರೋ ಮಾಡಿದ್ದು ಇದು, ಕಷ್ಟಪಟ್ಟು, ಕಾದು ಮಾಡಿದ್ದು ಅಂತ.

ಎರಡನೇ ತುಣುಕು ಅಪ್ಪ ಹರಿಹರ ಊರಿಗೆ ವಾಪಸ್ ಬರುವುದು. ಮಗಳು ದುರ್ಗಾ ತೀರಿಹೋಗಿದ್ದಾಳೆ, ಅವನಿಗೆ ಗೊತ್ತಿಲ್ಲ. ತಂದ ಸಾಮಾನು ಒಂದೊಂದೇ ತೆಗೆದು ಹೆಂಡತಿ ಸರ್ಬಜಯಾಗೆ ತೋರಿಸುತ್ತಾನೆ. ದುರ್ಗಾಗೆ ಅಂತ ತಂದ ಸೀರೆ ಕೊಡುತ್ತಾನೆ. ಸರ್ಬಜಯಾ ಅಷ್ಟು ಹೊತ್ತು ತಡೆದುಕೊಂಡಿದ್ದವಳು ಕುಸಿಯುತ್ತಾಳೆ. ಬಾಯಿ ತೆರೆದು ಅಳುತ್ತಾಳೆ. ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಕೇಳುತ್ತದೆ, ಕಮಾನಿನಿಂದ ನುಡಿಸುವ ತಂತಿವಾದ್ಯ, ಬಹಳ ಮೇಲಿನ ಸ್ವರದಲ್ಲಿ. ಸಂಗೀತ ರವಿಶಂಕರ್ ಅವರದ್ದು.

ಮೊದಲ ಸಲ ಇದನ್ನು ಹಾಕಿದಾಗ ಒಬ್ಬ ಎದ್ದು "ಸರ್, ಸ್ಪೀಕರ್ ಹೋಯ್ತು" ಅಂದ. ಬಹಳ ಒಳ್ಳೆಯ ಮಾತು ಅದು. ಅವನಿಗೆ ಅಳು ಕೇಳಬೇಕಿತ್ತು, ಕೇಳಲಿಲ್ಲ, ಏನೋ ತಪ್ಪಾಗಿದೆ ಅನ್ನಿಸಿತು. ಸ್ಪೀಕರ್ ಸರಿ ಇದೆ ಕಣೋ, ಹಾಗಾದರೆ ಯಾಕೆ ಕೇಳಿಸಲಿಲ್ಲ ಅಂತ ಕೇಳಿದೆ. ಒಬ್ಬಳು, ಅಳು ಕೇಳಿದರೆ ಅಕ್ಕಪಕ್ಕದವರು ಬರುತ್ತಾರೆ ಅಂತ ಅಂದಳು. ಇನ್ನೊಬ್ಬ, ನಟಿಗೆ ಸರಿಯಾಗಿ ಅಳಲು ಬಂದಿರಲಿಲ್ಲ, ಅದಕ್ಕೇ ಮ್ಯೂಸಿಕ್ ಹಾಕಿದ್ದಾರೆ ಅಂದ. ನಾನು ಯಾವುದನ್ನೂ ತಪ್ಪು ಅನ್ನಲಿಲ್ಲ. ಆಮೇಲೆ ಯಾವಾಗಲೂ ಮಾತಾಡದ ಒಬ್ಬ ಹುಡುಗ ಮೆಲ್ಲಗೆ, "ನಮ್ಮಜ್ಜ ಸತ್ತಾಗ ಎಲ್ರೂ ಅಳ್ತಿದ್ರು ಸರ್, ನಂಗೆ ಒಂದೂ ಕೇಳಿಸ್ತಿರ್ಲಿಲ್ಲ" ಅಂದ.

ಇಲ್ಲಿ ಒಂದು ಎಚ್ಚರಿಕೆ. ಇಂಥ ಮಾತು ಬಂದಾಗ ಅದನ್ನು ಎಳೆಯಬೇಡಿ. "ವೆರಿ ಗುಡ್, ಚಪ್ಪಾಳೆ ತಟ್ಟಿ" ಅನ್ನಬೇಡಿ. ಸರಿ ಅಂದು ಮುಂದೆ ಹೋಗಿ. ಈ ದೃಶ್ಯ ಹಾಕುವ ಮೊದಲು ಕ್ಲಾಸಿನಲ್ಲಿ ಯಾರ ಮನೆಯಲ್ಲಾದರೂ ಇತ್ತೀಚೆಗೆ ಸಾವಾಗಿದೆಯಾ ಅಂತ ಕ್ಲಾಸ್ ಟೀಚರನ್ನು ಕೇಳಿಕೊಳ್ಳಿ. ಆಗಿದ್ದರೆ ಆ ವರ್ಷ ಇದು ಬೇಡ. ರೈಲೇ ಸಾಕು.

ಕನ್ನಡದ್ದೇ ಬೇಕು ಅನ್ನುವವರಿಗೆ ಗಿರೀಶ್ ಕಾಸರವಳ್ಳಿ ಅವರ 'ದ್ವೀಪ' ಇದೆ, 2002ರದ್ದು, ನಾ. ಡಿಸೋಜ ಅವರ ಕಾದಂಬರಿ ಆಧರಿಸಿದ್ದು. ಅಣೆಕಟ್ಟಿನ ನೀರು ಏರುತ್ತಾ ಬರುತ್ತದೆ, ಒಂದು ಮನೆಯವರು ಗುಡ್ಡ ಬಿಟ್ಟು ಹೋಗುವುದಿಲ್ಲ. ಎಚ್.ಎಂ. ರಾಮಚಂದ್ರ ಅವರಿಗೆ ಛಾಯಾಗ್ರಹಣದ ರಾಷ್ಟ್ರಪ್ರಶಸ್ತಿ ಬಂತು. ಮಲೆನಾಡಿನ ಮಕ್ಕಳಿಗೆ ಇದರ ಮಳೆ ತೋರಿಸಿ, ಎಷ್ಟು ಥರದ ಮಳೆ ಇದೆ ಅಂತ ಕೇಳಿ. ನಿಮಗಿಂತ ಚೆನ್ನಾಗಿ ಹೇಳುತ್ತಾರೆ. ಕಾಸರವಳ್ಳಿ ಅವರದ್ದೇ 'ಘಟಶ್ರಾದ್ಧ' ನನಗೆ ಇನ್ನೂ ಇಷ್ಟ. ಹುಡುಗನ ಕಣ್ಣಿನಿಂದ ನೋಡಿದ ಸಿನಿಮಾ ಅದು. ಆದರೆ ಎಂಟನೇ ಕ್ಲಾಸಿಗೆ ಬೇಡ. ಪಿಯುಸಿಗೆ ಬರಲಿ.

ಇದೆಲ್ಲ ಪಟ್ಟಣದ ದೊಡ್ಡ ಶಾಲೆಗೆ ಸರಿ, ನಮ್ಮ ಹಳ್ಳಿಗೆ ಆಗುತ್ತದಾ ಅಂತ ಕೇಳುವವರು ಹೆಗ್ಗೋಡನ್ನು ನೆನೆಸಿಕೊಳ್ಳಬೇಕು. ಸಾಗರದ ಹತ್ತಿರದ ಸಣ್ಣ ಊರು. ಕೆ.ವಿ. ಸುಬ್ಬಣ್ಣ ಅಲ್ಲಿ ನೀನಾಸಮ್ ಚಿತ್ರಸಮಾಜ ಶುರು ಮಾಡಿದ್ದು 1970ರ ದಶಕದಲ್ಲಿ. ಅಡಿಕೆ ತೋಟದಲ್ಲಿ ಕೆಲಸ ಮಾಡುವವರು ಜಪಾನಿನ ಕುರೊಸಾವಾ, ನಮ್ಮ ರೇ ಸಿನಿಮಾ ನೋಡಿ ಚರ್ಚೆ ಮಾಡಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದುರ್ ಅಲ್ಲಿಗೆ ಬಂದು ಸಿನಿಮಾ ರಸಗ್ರಹಣ ಶಿಬಿರ ನಡೆಸಿದರು. ಆಗ ಯೂಟ್ಯೂಬ್ ಇರಲಿಲ್ಲ. ಡಬ್ಬದಲ್ಲಿ ರೀಲು ತರಿಸಿ, ತೋರಿಸಿ, ವಾಪಸ್ ಕಳಿಸಬೇಕಿತ್ತು. ನಾವು ಪೆನ್‌ಡ್ರೈವ್ ಜೇಬಲ್ಲಿ ಇಟ್ಟುಕೊಂಡು ಸೌಕರ್ಯ ಇಲ್ಲ ಅನ್ನುತ್ತೇವೆ.

ನೋಡಿದ್ದು ಸಾಕು, ಈಗ ಮಾಡುವುದು. ಹಳೆಯ ಸಿನಿಮಾಗಳನ್ನು ಕಾಪಾಡಿ ತೋರಿಸುವ ಪ್ಯಾರಿಸ್ಸಿನ ಸಿನೆಮಾಟೆಕ್ ಸಂಸ್ಥೆ 1995ರ ಹೊತ್ತಿನಿಂದ ಶಾಲಾ ಮಕ್ಕಳ ಜೊತೆ ಒಂದು ಅಭ್ಯಾಸ ನಡೆಸಿಕೊಂಡು ಬಂದಿದೆ, ಅದರ ಹೆಸರೇ ಲೂಮಿಯೇರ್ ನಿಮಿಷ. ನಾನು ಅದನ್ನೇ ತಂದುಕೊಂಡಿದ್ದೇನೆ. ನಿಯಮ ಇಷ್ಟೇ: ಒಂದು ನಿಮಿಷ. ಒಂದೇ ಶಾಟ್. ಕ್ಯಾಮೆರಾ ಅಲ್ಲಾಡಬಾರದು, ಜೂಮ್ ಇಲ್ಲ, ಮ್ಯೂಸಿಕ್ ಇಲ್ಲ, ಎಡಿಟಿಂಗ್ ಇಲ್ಲ. ಮಕ್ಕಳಿಗೆ ಮೊದಲು ಸಿಟ್ಟು ಬರುತ್ತದೆ. ಫಿಲ್ಟರ್ ಕೂಡ ಇಲ್ವಾ ಅಂತ.

ಒಬ್ಬ ಹುಡುಗಿ ಬೆಳಗ್ಗೆ ಹಾಲಿನ ಡೈರಿ ಮುಂದೆ ಫೋನ್ ಇಟ್ಟಳು. ಮೊದಲ ಪ್ರಯತ್ನದಲ್ಲಿ ಎಲ್ಲರೂ ಫೋನ್ ನೋಡಿ ಹಲ್ಲು ಕಿರಿದರು. ಮರುದಿನ ಫೋನನ್ನು ಎದುರು ಅಂಗಡಿಯ ಕಟ್ಟೆಯ ಮೇಲೆ, ಇಟ್ಟಿಗೆಗೆ ಒರಗಿಸಿ, ತಾನು ದೂರ ನಿಂತಳು. ಕ್ಯಾನು ಸಾಲಾಗಿ ಇದೆ. ಜನ ಬರುತ್ತಾರೆ, ಹಾಲಿನ ಡಿಗ್ರಿ ನೋಡುವವನ ಕೈ ಮಾತ್ರ ಕಿಟಕಿಯಿಂದ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಮುಖ ಕಾಣುವುದೇ ಇಲ್ಲ. ಒಬ್ಬ ಅಜ್ಜಿ ಸಾಲಿನಲ್ಲಿ ನಿಲ್ಲದೆ ಬಂದು ಕ್ಯಾನು ಮುಂದಿಡುತ್ತಾಳೆ, ಯಾರೂ ಏನೂ ಅನ್ನುವುದಿಲ್ಲ. ಅಷ್ಟು ಹೊತ್ತಿಗೆ ನಿಮಿಷ ಮುಗಿಯಿತು. ಕ್ಲಾಸಿನಲ್ಲಿ ತೋರಿಸಿದಾಗ ಎಲ್ಲರೂ ಕೇಳಿದ್ದು ಒಂದೇ: ಆ ಕೈ ಯಾರದ್ದು? ಆ ಕಿಟಕಿಯ ಎದುರು ದಿನಾ ನಿಲ್ಲುವ ಮಕ್ಕಳೇ ಕೇಳಿದ್ದು ಇದು. ಆ ಹುಡುಗಿಗೆ ಚೌಕಟ್ಟು ಅಂದರೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಕಟ್, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಹಾರುವುದು, ಏನು ಮಾಡುತ್ತದೆ ಅಂತ ಹೇಳಲು ರಷ್ಯಾದ ನಿರ್ದೇಶಕ ಕುಲೆಶೋವ್ ನೂರು ವರ್ಷದ ಹಿಂದೆ ಮಾಡಿದ ಪ್ರಯೋಗ ಇದೆ. ನಟನ ಅದೇ ಮುಖ, ಪಕ್ಕದ ಚಿತ್ರ ಬದಲಾದರೆ ಮುಖದ ಭಾವವೂ ಬದಲಾದ ಹಾಗೆ ಕಾಣುತ್ತದೆ. ಸುಮ್ನೆ ಒಬ್ಬ ವಿದ್ಯಾರ್ಥಿಯ ಖಾಲಿ ಮುಖದ ಫೋಟೋ ತೆಗೆಯಿರಿ. ಅದರ ಮುಂದೆ ಒಮ್ಮೆ ಬಿಸಿಯೂಟದ ತಟ್ಟೆ, ಒಮ್ಮೆ ಗಣಿತದ ಉತ್ತರ ಪತ್ರಿಕೆ ಹಾಕಿ. ಹತ್ತು ನಿಮಿಷದ ಪಾಠ.

ಈಗ ಪ್ರಶ್ನೆಗಳು.

ಕಾನೂನಿನ ತೊಂದರೆ ಇಲ್ಲವೇ ಅಂತ ಒಬ್ಬರು ಕೇಳಿದರು. ಹಕ್ಕುಸ್ವಾಮ್ಯ ಕಾಯ್ದೆಯ 52ನೇ ವಿಧಿಯಲ್ಲಿ ಶಾಲೆಗಳಿಗೆ ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಭಾಗವಾಗಿ, ನೋಡುವವರು ಶಿಕ್ಷಕರು, ಮಕ್ಕಳು, ಪೋಷಕರು, ಶಾಲೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಸಿನಿಮಾ ತೋರಿಸಬಹುದು. ಊರಿನವರಿಗೆಲ್ಲ ಟಿಕೆಟ್ ಹಾಕಿ ತೋರಿಸಿದರೆ ಅದು ಬೇರೆ. ಕದ್ದ ಪ್ರಿಂಟ್ ಡೌನ್‌ಲೋಡ್ ಮಾಡಿ ತರಬೇಡಿ, ಮಕ್ಕಳು ನೋಡುತ್ತಿರುತ್ತಾರೆ. ಸಿನಿಮಾದ ಸೆನ್ಸಾರ್ ಸರ್ಟಿಫಿಕೇಟ್ ಕೂಡ ಗಮನಿಸಿ. 2023ರ ಕಾಯ್ದೆ ತಿದ್ದುಪಡಿಯ ಮೇಲೆ ಯುಎ (ಮಕ್ಕಳು ದೊಡ್ಡವರ ಮಾರ್ಗದರ್ಶನದಲ್ಲಿ ನೋಡಬಹುದಾದದ್ದು) ಅನ್ನುವುದನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ನಿಮ್ಮ ಎಂಟನೇ ಕ್ಲಾಸಿಗೆ ಯುಎ 16 ತರುವುದು ಬೇಡ.

ಅಂಕ ಕೊಡಬೇಕಾ ಅಂತ ಇನ್ನೊಬ್ಬರು. ದಯವಿಟ್ಟು ಬೇಡ. ಅಂಕ ಬಂದ ದಿನ ಗೈಡ್ ಬರುತ್ತದೆ. ಏನಾದರೂ ದಾಖಲೆ ಬೇಕೇ ಬೇಕು ಅಂತ ಎಚ್‌ಎಂ ಕೇಳಿದರೆ ಮಕ್ಕಳಿಂದ ಮೂರು ಚೌಕ ಬರೆಸಿ, ದೃಶ್ಯದ ಮೂರು ಶಾಟ್ ಪೆನ್ಸಿಲಿನಲ್ಲಿ ಬಿಡಿಸಲಿ. ಪ್ರಬಂಧದಲ್ಲಿ ಎರಡು ಸಾಲು ಬರೆಯಲು ಒದ್ದಾಡುವ ಮಕ್ಕಳು ಇಲ್ಲಿ ಮುಂದೆ ಬರುತ್ತಾರೆ.

ಹುಡುಗಿಯರ ಕೈಗೆ ಮನೆಯಲ್ಲಿ ಫೋನ್ ಕೊಡುವುದಿಲ್ಲ ಅಂತ ಒಬ್ಬ ಮೇಡಂ ಹೇಳಿದರು. ನಿಜ. ನಮ್ಮಲ್ಲೂ ಹಾಗೇ. ಶಾಲೆಯದ್ದೇ ಒಂದು ಹಳೆಯ ಫೋನ್ ಇಟ್ಟಿದ್ದೇವೆ, ಸಿಮ್ ಇಲ್ಲ, ಇಂಟರ್‌ನೆಟ್ ಇಲ್ಲ. ಸರದಿ ಪ್ರಕಾರ ಕೊಡುತ್ತೇವೆ. ಸಿಮ್ ಇಲ್ಲ ಅಂತ ತೋರಿಸಿದ ಮೇಲೆ ಹೆಚ್ಚಿನ ಪೋಷಕರು ಒಪ್ಪಿದರು. ಎಲ್ಲರೂ ಒಪ್ಪಲಿಲ್ಲ. ಆ ಮಕ್ಕಳು ಶಾಲೆಯ ಆವರಣದಲ್ಲೇ ತಮ್ಮ ನಿಮಿಷ ತೆಗೆದರು. ತೆಗೆದದ್ದರಲ್ಲಿ ಬೇರೆಯವರು ಇದ್ದರೆ ಅವರನ್ನು ಕೇಳಬೇಕು, ಕ್ಲಾಸಿನ ಹೊರಗೆ ಎಲ್ಲೂ ಹಾಕಬಾರದು ಅನ್ನುವುದನ್ನು ಮೊದಲ ದಿನವೇ ಹೇಳಿ. ಡೈರಿಯವರನ್ನೂ ಕೇಳಿಯೇ ತೋರಿಸಿದ್ದು.

ಕೊನೆಯ ಪ್ರಶ್ನೆ: ನಮ್ಮಲ್ಲಿ ಪ್ರೊಜೆಕ್ಟರ್ ಕೆಟ್ಟಿದೆ, ಕರೆಂಟೂ ಇರುವುದಿಲ್ಲ, ಏನು ಮಾಡುವುದು? ಹಳೆಯ ನೋಟ್‌ಬುಕ್ಕಿನ ರಟ್ಟು ತನ್ನಿ. ನಡುವೆ ಎಂಟು ಸೆಂಟಿಮೀಟರ್ ಅಗಲ, ನಾಲ್ಕೂವರೆ ಸೆಂಟಿಮೀಟರ್ ಎತ್ತರದ ಕಿಂಡಿ ಕತ್ತರಿಸಿ, ಇವತ್ತಿನ ಟಿವಿ ಪರದೆಯ ಅಳತೆ ಅದೇ. ಒಂದು ಕಣ್ಣು ಮುಚ್ಚಿ ಅದರ ಮೂಲಕ ನೋಡಲು ಹೇಳಿ. ಕಣ್ಣಿನ ಹತ್ತಿರ ಹಿಡಿದರೆ ಇಡೀ ಮೈದಾನ ಸಿಗುತ್ತದೆ, ಕೈ ಚಾಚಿ ಹಿಡಿದರೆ ಗೋಲ್ ಪೋಸ್ಟಿನ ಪಕ್ಕ ನಿಂತವನೊಬ್ಬ ಮಾತ್ರ. ಇಬ್ಬಿಬ್ಬರಿಗೆ ಒಂದು ರಟ್ಟು ಕೊಡಿ. ಒಬ್ಬರು ನೋಡಿ ಹೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ, ಹತ್ತು ನಿಮಿಷ ಆದ ಮೇಲೆ ಅದಲು ಬದಲು ಮಾಡಿಸಿ.